ಬಿಡಿ ಸ್ಥಾನ

ಪ್ರತಿ ವರ್ಷ ಯಾರಾದರೊಬ್ಬರು ಈ ತಪ್ಪು ಮಾಡಿಯೇ ಮಾಡುತ್ತಾರೆ. ಎರಡನೇ ತರಗತಿಗೆ ಮೂರಂಕಿಯ ಸಂಖ್ಯೆ ಶುರು ಮಾಡುವ ದಿನ ಹಲಗೆಯ ಮೇಲೆ ಅಕ್ಕಪಕ್ಕ ಮೂರು ಮನೆ ಬರೆಯುತ್ತೇನೆ. ಎಡದಿಂದ ನೂರು, ಹತ್ತು, ಬಿಡಿ ಎಂದು ಹೆಸರಿಡುತ್ತೇನೆ. "ಮುನ್ನೂರ ನಲವತ್ತೇಳು. ನೂರು ಎಷ್ಟು? ಮೂರು, ಬರೀರಿ. ಹತ್ತು ಎಷ್ಟು? ನಾಲ್ಕು, ಬರೀರಿ. ಬಿಡಿ..." ಅನ್ನುವಷ್ಟರಲ್ಲಿ ಒಂದು ಮಗು ಬಳಪ ಕೆಳಗಿಟ್ಟು ಕೈಕಟ್ಟಿ ಕೂರುತ್ತದೆ. ಈ ಸಲ ಅದು ಗುಂಡ.

"ಏಳು ಎಲ್ಲೋ ಗುಂಡ?"

"ನೀವೇ ಬಿಡಿ ಅಂದ್ರಲ್ಲ ಟೀಚರ್. ಬಿಟ್ಟೆ."

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಗುಂಡನಿಗೆ ತಾನೇನೋ ಭಾರಿ ತಮಾಷೆ ಮಾಡಿದ ಹಾಗೆ ಖುಷಿಯಾಗಿ, ಸಂಜೆಯವರೆಗೂ "ಬಿಡಿ ಟೀಚರ್, ಬಿಡಿ" ಎಂದು ಹೇಳಿಕೊಂಡು ಓಡಾಡಿದ. ಮರುದಿನ ಕಡ್ಡಿಗಳ ಡಬ್ಬಿ ತಂದೆ. ಹತ್ತು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು. ಹತ್ತು ಕಟ್ಟು ಸೇರಿಸಿ ದಾರ ಸುತ್ತಿದರೆ ನೂರರ ಕಂತೆ. ಯಾವ ಕಟ್ಟಿಗೂ ಸೇರದೆ ಉಳಿದವು ಬಿಡಿ. "ಬಿಡಿ ಹೂವು ಅಂತೀವಲ್ಲ, ಹಾಗೆ ಬಿಡಿ ಕಡ್ಡಿ" ಎಂದೆ. ಎಲ್ಲರಿಗೂ ತಿಳಿಯಿತು. ಗುಂಡನಿಗೂ ತಿಳಿಯಿತು.

ತಿಳಿಯದೆ ಉಳಿದವಳು ಪಿಳಿಪಿಳಿ.

ಏನು ಕೇಳಿದರೂ ಮೊದಲು ಪಿಳಿಪಿಳಿ ಕಣ್ಣು ಬಿಟ್ಟು ನೋಡುತ್ತಿದ್ದಳೆಂದು ಮಕ್ಕಳೇ ಇಟ್ಟ ಹೆಸರು ಅದು. ನನ್ನ ಬಾಯಿಗೂ ಅದೇ ಬಂದುಬಿಟ್ಟಿತ್ತು. ಅವಳ ಸ್ಲೇಟಿನಲ್ಲಿ ನೂರರ ಮನೆ ಸರಿ, ಹತ್ತರ ಮನೆ ಸರಿ, ಬಿಡಿಯ ಮನೆ ಖಾಲಿ. ನಿನ್ನೆಯೂ ಖಾಲಿ, ಇವತ್ತೂ ಖಾಲಿ. ಅಳಿಸಿ ಮತ್ತೆ ಬರೆಸಿದರೆ ಮತ್ತೆ ಖಾಲಿ. ದಡ್ಡಿಯೆಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಏಕೆಂದರೆ ಇನ್ನೂರೈದು ಬರೆಯಲು ಹೇಳಿದಾಗ ಗುಂಡ ಇನ್ನೂರು ಬರೆದು ಪಕ್ಕದಲ್ಲಿ ಐದು ಬರೆದು ಎರಡು ಸಾವಿರದ ಐದು ಮಾಡಿಟ್ಟಿದ್ದ. ಪಕ್ಕದಲ್ಲಿ ಕೂತ ಇವಳು ಅವನ ಸ್ಲೇಟಿನ ಒಂದು ಸೊನ್ನೆಯನ್ನು ಬೆರಳಿನಿಂದ ಒರೆಸಿ ಹೇಳಿದ್ದಳು: "ಹತ್ತರ ಮನೇಲಿ ಯಾರೂ ಇಲ್ಲ ಕಣೋ. ಬೀಗ ಹಾಕಿದೆ. ಸೊನ್ನೆ ಅಂದ್ರೆ ಬೀಗ. ಒಂದು ಮನೆಗೆ ಒಂದೇ ಬೀಗ."

ಇಪ್ಪತ್ತು ನಿಮಿಷ ಬಡಿದಾಡಿದ್ದ ನನಗೆ ಆ ಮಾತು ಹೊಳೆದಿರಲಿಲ್ಲ.

ನಾನು ಸ್ವಭಾವದಲ್ಲೇ ಪುಕ್ಕಲಿ. ಮಕ್ಕಳನ್ನು ನೋಡುವಾಗ ಅವರ ಸ್ಲೇಟಿಗಿಂತ ಹೆಚ್ಚಾಗಿ ಕೈಗಳನ್ನು ನೋಡುವ ಅಭ್ಯಾಸ. ಯಾರ ಬೆರಳು ಯಾವ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೋ ಎಂಬ ಭಯ. ಹಾಗೆ ನೋಡುವಾಗ ಕಂಡಿದ್ದು: "ಬಿಡಿ" ಎಂದ ಕೂಡಲೇ ಪಿಳಿಪಿಳಿಯ ಎರಡೂ ಕೈ ತೊಡೆಯ ಕೆಳಗೆ ಹೋಗುತ್ತಿದ್ದವು. ಕಣ್ಣು ಬೆಂಚಿನ ಕೆಳಗಿನ ಕತ್ತಲನ್ನು ಹುಡುಕುತ್ತಿತ್ತು. ಪಾಠ ಮುಂದೆ ಹೋದ ಮೇಲೆ ಸ್ವಲ್ಪ ಹೊತ್ತಿಗೆ ಕೈ ಹೊರಗೆ ಬರುತ್ತಿದ್ದವು.

ತಿಂಗಳ ಕೊನೆಗೆ ಪರೀಕ್ಷೆಯಿತ್ತು. ನಾವು ಮಾಡುವ ಪರೀಕ್ಷೆಯಲ್ಲ, ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದವರು ಒಂದೊಂದೇ ಮಗುವನ್ನು ಕೂರಿಸಿಕೊಂಡು ಮಾಡುವುದು. ಮೂರಂಕಿಯ ಸ್ಥಾನಬೆಲೆ ಬಾರದ ಮಕ್ಕಳನ್ನು ನಿಧಾನ ಕಲಿಕೆಯ ತರಗತಿಗೆ ಕಳಿಸುತ್ತಾರೆ. ಅದು ಬೇರೆ ಕಟ್ಟಡ, ಬೇರೆ ಬೀದಿ. ಅಲ್ಲಿ ಬೆಳಿಗ್ಗೆ ಮಾತ್ರ ಪಾಠ, ಮಧ್ಯಾಹ್ನಕ್ಕೆ ಮಕ್ಕಳು ಮನೆಗೆ. ನಮ್ಮಲ್ಲಾದರೆ ಸಂಜೆಯವರೆಗೆ ಇರುತ್ತಾರೆ. ಆಗ ನನಗೆ ಅದೊಂದು ವ್ಯತ್ಯಾಸವೆಂದೇ ಅನ್ನಿಸಿರಲಿಲ್ಲ. ಒಳ್ಳೆಯ ತಲೆಯಿರುವ ಮಗು ಸುಮ್ಮನೆ ಹಿಂದೆ ಬೀಳುತ್ತದಲ್ಲ ಎಂದಷ್ಟೇ ಸಂಕಟಪಟ್ಟೆ.

ಅವಳ ಅಪ್ಪ ಬಡಗಿ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲೇ ಕೆಲಸ, ಹಗಲೆಲ್ಲ ಅಲ್ಲೇ. ನಮ್ಮ ಶಾಲೆಯ ಬೆಂಚು, ಕಪಾಟು ಎಲ್ಲ ಅವನ ಕೈಯವೇ. ನನ್ನ ತರಗತಿಗೆ ಮಣಿಗಳ ಚೌಕಟ್ಟನ್ನೂ ಅವನೇ ಬಿಟ್ಟಿಯಾಗಿ ಮಾಡಿಕೊಟ್ಟಿದ್ದ. ಮೂರು ಕಂಬಿ, ಪ್ರತಿ ಕಂಬಿಯಲ್ಲಿ ಒಂಬತ್ತು ಮಣಿ, ಕೆಳಗೆ ಉಳಿಯಿಂದ ಮುದ್ದಾಗಿ ಕೆತ್ತಿದ ಅಕ್ಷರ: ನೂರು, ಹತ್ತು, ಬಿಡಿ. ಅಂಚುಗಳನ್ನೆಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿದ್ದ, ಒಂದು ಮಗುವಿನ ಬೆರಳಿಗೂ ಚೂರು ಚುಚ್ಚಬಾರದೆಂದು. ಒಂದು ಕಂಬಿ ಸಡಿಲವಾಗಿದೆ ಎಂದು ಹೇಳಿ ಕಳಿಸಿದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ಬಂದ.

"ಏನ್ ಟೀಚರ್, ನಮ್ಮವಳು ಲೆಕ್ಕದಲ್ಲಿ ಹೇಗೆ? ಅವರಮ್ಮನ ತರಾನಾ?"

"ಚುರುಕಾಗಿದ್ದಾಳೆ. ಒಂದು ಕಡೆ ಸ್ವಲ್ಪ ತಡವರಿಸ್ತಾಳೆ."

"ತಡವರಿಸೋದು ತಾಯಿ ಕಡೆಯಿಂದ ಬಂದಿದ್ದು, ಚುರುಕು ನನ್ನ ಕಡೆಯಿಂದ. ಬರ್ಕೊಳ್ಳಿ!" ಎಂದು ನಕ್ಕ. ಗುಂಡನ ತಲೆ ಸವರಿದ. "ಏನೋ ಡ್ರಮ್ಮು, ಬೆಂಚ್ ಮುರೀಬೇಡ ಕಣೋ, ಮತ್ತೆ ನಾನೇ ಮಾಡ್ಬೇಕು" ಎಂದ. ಮಕ್ಕಳು ಅವನ ಸುತ್ತ ಮುತ್ತಿಕೊಂಡರು. ಪಿಳಿಪಿಳಿಯೂ ಹೋಗಿ ಅವನ ಕಾಲಿಗೆ ಒರಗಿ ನಿಂತಳು. ಹೆದರಿಕೆಯಿಂದಲ್ಲ, ಅಪ್ಪ ಬಂದನೆಂಬ ಹೆಮ್ಮೆಯಿಂದಲೇ. ಅದನ್ನು ನಾನು ಸರಿಯಾಗಿ ನೋಡಿದೆ. ಆಮೇಲೆ ಅದೇ ನನ್ನನ್ನು ತುಂಬ ಗೊಂದಲಕ್ಕೆ ತಳ್ಳಿತು.

ಒಂದು ದಿನ ಆಟದ ಬಿಡುವಿನಲ್ಲಿ ನಾನು ಕಪಾಟಿನ ಹಿಂದೆ ಬಿದ್ದಿದ್ದ ಡಸ್ಟರ್ ಹುಡುಕುತ್ತಿದ್ದೆ. ಪಿಳಿಪಿಳಿ ಒಬ್ಬಳೇ ಮೂಲೆಯಲ್ಲಿ ಕಡ್ಡಿ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದಳು. ನಾನು ಹುಡುಕುತ್ತಿದ್ದ ಡಸ್ಟರ್ ಅವಳ ಹತ್ತಿರವೇ ಇತ್ತು, ಮಂಚವಾಗಿ. ಅವಳು ಮನೆಯಾಟ ಆಡುತ್ತಿದ್ದಳು. ನೂರರ ಕಂತೆಯನ್ನು ಒಂದು ಕೈಯಲ್ಲಿ ಹಿಡಿದು ಒಂದೇ ಒಂದು ಕಡ್ಡಿಯ ಮೇಲೆ ಒತ್ತುತ್ತಿದ್ದಳು. ಕೆಳಗಿದ್ದ ಕಡ್ಡಿ ಸಣ್ಣ ದನಿಯಲ್ಲಿ ಮಾತಾಡಿತು.

"ಬಿಡಿ. ಬಿಡಿ ಅಂದ್ರೆ. ಕೈ ನೋಯುತ್ತೆ, ಬಿಡಿ. ಮಗು ನೋಡ್ತಿದೆ, ಬಿಡಿ."

ಆಮೇಲೆ ಅವಳು ಅರ್ಧಕ್ಕೆ ಮುರಿದ ಒಂದು ತುಂಡು ಕಡ್ಡಿಯನ್ನು ಎತ್ತಿ, ಸದ್ದಾಗದ ಹಾಗೆ ಡಸ್ಟರಿನ ಕೆಳಗೆ ತೂರಿಸಿದಳು.

ನಾನು ಮಂಡಿಯೂರಿ ಕೂತೆ. "ಇದ್ಯಾರು, ಮಂಚದ ಕೆಳಗಿರೋದು?"

"ನಾನು."

"ಯಾಕೆ ಅಲ್ಲಿದ್ದೀಯ?"

"ಅಮ್ಮ ಬಿಡಿ ಅಂದ ತಕ್ಷಣ ನಾನು ಮಂಚದ ಕೆಳಗೆ ಹೋಗ್ಬೇಕು. ಅಮ್ಮ ಹೇಳ್ಕೊಟ್ಟಿದ್ದಾಳೆ. ಕಣ್ಣು ಮುಚ್ಕೊಂಡು ಎಣಿಸ್ಬೇಕು." ಹೆಮ್ಮೆಯಿಂದ ಹೇಳಿದಳು: "ನನಗೆ ಮುನ್ನೂರರ ತನಕ ಬರುತ್ತೆ."

ಗಂಟೆ ಹೊಡೆಯಿತು. ಮಕ್ಕಳು ಧಡಧಡ ಒಳಗೆ ನುಗ್ಗಿದರು. ಅವಳು ಕಂತೆಯನ್ನೂ ಕಡ್ಡಿಯನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಹೆಂಡತಿ ಗಂಡನಿಗೆ ಬಹುವಚನದಲ್ಲಿ ಹೇಳುವ ಮಾತು ಅದು. ನಾನು ಮಕ್ಕಳಿಗೆ ಲೆಕ್ಕದಲ್ಲಿ ಹೇಳುವ ಮಾತೂ ಅದೇ. ಇಷ್ಟು ದಿನ ನಾನು ಹಲಗೆಯ ಮುಂದೆ ನಿಂತು ಆ ಮಗುವನ್ನು ಮತ್ತೆ ಮತ್ತೆ ಮಂಚದ ಕೆಳಗೆ ಕಳಿಸುತ್ತಿದ್ದೆ.

ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ದೊಡ್ಡ ಟೀಚರ್ ಎನ್ನುತ್ತಾರೆ. ಕೆಟ್ಟವರಲ್ಲ. ಎಲ್ಲವನ್ನೂ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು.

"ನೋಡಿ, ಬೇಜಾರು ಮಾಡ್ಕೋಬೇಡಿ. ಹೋದ ವರ್ಷ ನೀರಿನ ಟ್ಯಾಂಕಿನ ಮುಚ್ಚಳ ಮಕ್ಕಳ ಮೇಲೆ ಬೀಳುತ್ತೆ ಅಂದ್ರಿ. ಆಮೇಲೆ ಕಾಂಪೌಂಡ್ ವಾಲಿದೆ ಅಂದ್ರಿ. ನೂಲು ಹಿಡಿದು ನೋಡಿಸಿದೆ, ವಾಲಿರಲಿಲ್ಲ. ಈಗ ಬಡಗಿ."

"ಮಗು ತಾನಾಗೇ ಹೇಳಿದ್ದು."

"ಕಡ್ಡಿ ಹೇಳಿದ್ದು. ಆಟದಲ್ಲಿ." ಅವರು ಕನ್ನಡಕ ಹಾಕಿಕೊಂಡರು. "ಸರಿ, ಸುಳ್ಳಲ್ಲ ಅಂತಲೇ ಇಟ್ಕೊಳ್ಳೋಣ. ಏನ್ಮಾಡ್ತೀರಿ?"

"ಸಹಾಯವಾಣಿಗೆ ಫೋನ್ ಮಾಡ್ತೀನಿ."

"ಮಾಡಿ. ಅವರು ಹೋಗೋದು ಅವನ ಮನೆಗೆ. ಬಾಗಿಲು ತೆಗೆಯೋನು ಅವನು. ಅವರು ವಿಚಾರಿಸಿ ಹೊರಟ ಮೇಲೆ ಬಾಗಿಲು ಹಾಕೋನೂ ಅವನೇ." ಅವರು ಮುಂದಿದ್ದ ಹಾಜರಿ ಪುಸ್ತಕ ಮುಚ್ಚಿದರು. "ಮೊದಲು ತಾಯಿ ಹತ್ರ ಮಾತಾಡಿ. ಅವಳು ಹೂಂ ಅಂದ್ರೆ ನಾನೂ ನಿಮ್ಮ ಜೊತೆ ಬರ್ತೀನಿ. ಅವಳು ಇಲ್ಲ ಅಂದ್ರೆ ನಾವೇನು ಅವಳ ಬಾಯಿ ಬಿಡಿಸಕ್ಕಾಗುತ್ತಾ?"

ಸಂಜೆ ಗೇಟಿನ ಹತ್ತಿರ ತಾಯಿಗಾಗಿ ಕಾದೆ. ಚಿಕ್ಕ ಪ್ರಾಯದವಳು, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು ಬರುವವಳು. ನಾನು ಹೇಳಬೇಕೆಂದಿದ್ದ ವಾಕ್ಯಗಳನ್ನು ಊಟದ ಬಿಡುವಿನಲ್ಲಿ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಅವಳು ಎದುರು ಬಂದಾಗ ಒಂದೂ ಬಾಯಿಗೆ ಬರಲಿಲ್ಲ.

"ಮನೇಲಿ... ಎಲ್ಲ ಸರಿಯಾಗಿದೆಯಾ?"

"ಯಾಕೆ ಟೀಚರ್? ಏನಂದ್ಲು ಇವಳು?"

"ಏನೂ ಇಲ್ಲ. ಆಟ ಆಡ್ತಿದ್ಲು. ಮಂಚದ ಕೆಳಗೆ ಬಚ್ಚಿಟ್ಕೊಳ್ಳೋ ಆಟ."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗದ ಹಾಗೆ ಅವಳು ಅದನ್ನು ಹಿಡಿದುಕೊಂಡಿದ್ದಳು. "ಟೀವಿ ಜಾಸ್ತಿ ನೋಡ್ತಾಳೆ. ಅದರಲ್ಲಿ ನೋಡಿ ಆಡ್ತಿರ್ತಾಳೆ" ಎಂದು ನಕ್ಕಳು. ಮಗಳ ಚೀಲ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ಟೀಚರ್, ಆ ಪರೀಕ್ಷೆಯಲ್ಲಿ ಪಾಸಾಗ್ತಾಳಾ?"

"ಮಾಡಿಸ್ತೀನಿ."

"ಹೇಗಾದ್ರೂ ಮಾಡಿ ಪಾಸ್ ಮಾಡಿಸಿ. ಮಧ್ಯಾಹ್ನಕ್ಕೇ ಮನೆಗೆ ಬರೋ ಹಾಗೆ ಮಾತ್ರ ಆಗ್ಬಾರ್ದು." ಅವಳು ಬೀದಿಯ ಎರಡೂ ಕಡೆ ನೋಡಿದಳು. "ಸಂಜೆ ಅವರಿಗೆ ಕೆಲಸದವರು, ಗಿರಾಕಿಗಳು ಬರ್ತಾರೆ. ಮಧ್ಯಾಹ್ನ ಯಾರೂ ಇರಲ್ಲ."

ಹೂಂ ಎಂದೂ ಅವಳು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನನಗೆ ಮಾತ್ರ ಇನ್ನು ಅನುಮಾನ ಉಳಿಯಲಿಲ್ಲ. ನನ್ನ ಕೈಲಿದ್ದದ್ದು ಒಂದೇ, ಆ ಮಗುವಿಗೆ ಲೆಕ್ಕ ಕಲಿಸುವುದು.

ಮರುದಿನ ತರಗತಿಗೆ ಹೇಳಿದೆ: "ಈ ಮೂರನೇ ಮನೆಗೆ ಹೊಸ ಹೆಸರಿಡೋಣ. ಹಳೇದು ಬೋರಾಯ್ತು. ಏನಿಡೋಣ?"

"ಒಂಟಿ ಕಡ್ಡಿ!"

"ಚೂರುಪಾರು!"

"ಗುಂಡನ ಮನೆ!" ಎಂದ ಗುಂಡ.

ಪಿಳಿಪಿಳಿ ಕಣ್ಣು ಬಿಟ್ಟು ನೋಡಿದಳು. ಎಲ್ಲರೂ ಕೂಗಿ ಮುಗಿಸಿದ ಮೇಲೆ ಮೆಲ್ಲಗೆ ಹೇಳಿದಳು: "ಪಿಳ್ಳೆ. ನೂರು ಅಜ್ಜ, ಹತ್ತು ಮಾವ, ಇವು ಚಿಳ್ಳೆಪಿಳ್ಳೆಗಳು."

ಪಿಳ್ಳೆ ಸ್ಥಾನ! ಮಕ್ಕಳಿಗೆ ಹುಚ್ಚು ಹಿಡಿಯಿತು. "ಐನೂರ ಹದಿನಾರು. ನೂರು ಎಷ್ಟು?" "ಐದು!" "ಹತ್ತು ಎಷ್ಟು?" "ಒಂದು!" "ಪಿಳ್ಳೆ ಎಷ್ಟು?" "ಆರು ಪಿಳ್ಳೆ ಟೀಚರ್!" ಪಿಳಿಪಿಳಿಯ ಕೈ ತೊಡೆಯ ಕೆಳಗೆ ಹೋಗಲಿಲ್ಲ. ಅವಳು ಆರು ಬರೆದಳು. ಅದರ ಬಾಲವನ್ನು ಸ್ಲೇಟಿನ ಚೌಕಟ್ಟಿನವರೆಗೂ ಎಳೆದಳು. ಅಪ್ಪ ಮಾಡಿದ ಚೌಕಟ್ಟಿನಲ್ಲಿ ಮಣಿ ಸರಿಸಿ ತೋರಿಸು ಎಂದರೆ ಸರಿಸಿದಳು. ಕೆಳಗೆ ಕೆತ್ತಿದ್ದ ಅಕ್ಷರದ ಮೇಲೆ ನಾನು ಬಿಳಿ ಕಾಗದ ಅಂಟಿಸಿ ಪಿಳ್ಳೆ ಎಂದು ಬರೆದಿದ್ದೆ. ಏಳುನೂರ ಮೂವತ್ತು ಎಂದು ಕೇಳಿದಾಗ "ಪಿಳ್ಳೆಗಳು ಆಟಕ್ಕೆ ಹೋಗಿವೆ, ಬೀಗ ಹಾಕಿದೆ" ಎಂದು ಸೊನ್ನೆ ಬರೆದಳು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಿದೆ.

ಆದರೆ ಪರೀಕ್ಷೆ ನನ್ನದಲ್ಲವಲ್ಲ. ಕೊನೆಯ ದಿನಗಳಲ್ಲಿ ಅವಳೊಬ್ಬಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ: "ಕೆಲವರು ಪಿಳ್ಳೆಗೆ ಇನ್ನೊಂದು ಹೆಸರು ಹೇಳ್ತಾರೆ. ಅದು ಲೆಕ್ಕದ ಹೆಸರು. ಮನೇಲಿ ಕೇಳೋದು ಬೇರೆ, ಇದು ಬೇರೆ." ಆ ಪದವನ್ನು ಆದಷ್ಟು ಮೆತ್ತಗೆ, ನಗುತ್ತಾ, ಹಾಡಿನ ಹಾಗೆ ಎಳೆದು ಹೇಳಿದೆ. ಅವಳು ತಲೆಯಾಡಿಸಿದಳು, ಎಲ್ಲವೂ ಅರ್ಥವಾದವರ ಹಾಗೆ. ಕೈ ಮಾತ್ರ ತೊಡೆಯ ಕೆಳಗೆ ಹೋಗಿದ್ದವು.

ಪರೀಕ್ಷಕಿ ಬೆಳಿಗ್ಗೆಯೇ ಬಂದರು. ನಾನು ವರಾಂಡದಲ್ಲೇ ಅಡ್ಡಗಟ್ಟಿದೆ. "ಒಂದು ವಿನಂತಿ. ನಮ್ಮ ಮಕ್ಕಳಿಗೆ ಬಿಡಿ ಸ್ಥಾನಕ್ಕೆ ಪಿಳ್ಳೆ ಅಂತ ಅಭ್ಯಾಸ. ಹಾಗೇ ಕೇಳ್ತೀರಾ? ಅಥವಾ ಮೂರನೇ ಮನೆ ಅಂತಾದ್ರೂ."

"ಪಿಳ್ಳೆ?" ಅವರು ನಕ್ಕರು. "ಚೆನ್ನಾಗಿದೆ. ಆದ್ರೆ ಪ್ರಶ್ನೆ ಅಚ್ಚಾಗಿ ಬಂದಿರುತ್ತೆ. ಒಂದಕ್ಷರ ಬದಲಾಯಿಸೋ ಹಾಗಿಲ್ಲ."

"ಒಬ್ಬಳು ಹುಡುಗಿಗೆ ಆ ಪದ ಕೇಳಿದ್ರೆ ಆಗಲ್ಲ."

"ಆಗಲ್ಲ ಅಂದ್ರೆ?"

ನಾನು ಬಾಯಿ ತೆರೆದೆ. ವರಾಂಡದ ಆ ತುದಿಯಲ್ಲಿ ಬಡಗಿ ಮುರಿದ ಕಿಟಕಿಯ ಬಾಗಿಲು ಕೂರಿಸುತ್ತಿದ್ದ. ನನ್ನನ್ನು ಕಂಡು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ತಲೆಬಾಗಿದ. "ಭಯ ಪಡ್ತಾಳೆ" ಎಂದಷ್ಟೇ ಹೇಳಿದೆ.

"ಪರೀಕ್ಷೆ ಅಂದ್ರೆ ಎಲ್ಲ ಮಕ್ಕಳೂ ಭಯ ಪಡ್ತವೆ ಬಿಡಿ" ಎಂದು ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ತರಗತಿ ಶಿಕ್ಷಕಿ ಒಳಗಿರುವಂತಿಲ್ಲ. ನಾನು ಬಾಗಿಲಿನ ಗಾಜಿನಿಂದ ನೋಡಿದೆ. ಗುಂಡ ಉರುಳಿಕೊಂಡು ಹೋಗಿ ಉರುಳಿಕೊಂಡು ಬಂದ. "ಎಲ್ಲ ಹೇಳ್ದೆ ಟೀಚರ್, ಪಿಳ್ಳೆ ಅಂತ ಹೇಳ್ದೆ, ಅವರು ನಕ್ಕರು." ಆಮೇಲೆ ಪಿಳಿಪಿಳಿ ಹೋದಳು. ಪರೀಕ್ಷಕಿ ಏನೋ ಕೇಳಿದರು, ಅವಳು ಬರೆದಳು. ಮತ್ತೆ ಕೇಳಿದರು, ಬರೆದಳು. ಪರೀಕ್ಷಕಿಯ ಮುಖದಲ್ಲಿ ಮೆಚ್ಚುಗೆ ಕಂಡಿತು. ನನ್ನ ಉಸಿರು ಗಾಜಿನ ಮೇಲೆ ಮಂಜಾಗಿ ಕೂತಿತು. ಒರೆಸಿದೆ. ಪರೀಕ್ಷಕಿಯ ತುಟಿಗಳು ಒಮ್ಮೆ ಮುಚ್ಚಿ ತೆರೆದವು. ಎರಡೇ ಅಕ್ಷರ. ಗಾಜಿನ ಈಚೆಗೂ ನನಗೆ ಅದು ಕೇಳಿಸಿದಂತಾಯಿತು.

ಅವಳು ಬಳಪವನ್ನು ಜೋಪಾನವಾಗಿ ಸ್ಲೇಟಿನ ಮೇಲಿಟ್ಟಳು. ಇಳಿದು ಬೆಂಚಿನ ಕೆಳಗೆ ಹೋಗಿ, ಮಂಡಿ ಎದೆಗೆ ತಂದು, ಕಣ್ಣು ಮುಚ್ಚಿಕೊಂಡಳು. ತುಟಿಗಳು ಅಲುಗುತ್ತಿದ್ದವು. ಎಣಿಸುತ್ತಿದ್ದಳು.

ಪರೀಕ್ಷಕಿ ಬಗ್ಗಿ ಕರೆದರು, ಗದರಲಿಲ್ಲ. ಒಳ್ಳೆಯ ಮಾತಿನಲ್ಲೇ ಮತ್ತೆ ಪ್ರಶ್ನೆ ಓದಿದರು, ಅಚ್ಚಾದ ಹಾಗೆಯೇ. ಆಮೇಲೆ ಪೆನ್ನು ತೆಗೆದುಕೊಂಡರು. ನಾನು ಬಾಗಿಲು ತಳ್ಳಿ ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ, ಒಂದೇ ಉಸಿರಿಗೆ, ಅಷ್ಟು ದಿನ ಹುಡುಕುತ್ತಿದ್ದ ಪದಗಳನ್ನು ಹುಡುಕದೆ. ಅವರ ಮುಖ ಬಾಡಿತು. "ಪಾಪ" ಎಂದರು. "ಆದ್ರೆ ಇಲ್ಲಿ ಅದನ್ನ ಬರೆಯೋಕೆ ಜಾಗವೇ ಇಲ್ಲ. ಉತ್ತರ ಸರಿ, ಇಲ್ಲಾಂದ್ರೆ ತಪ್ಪು, ಎರಡೇ."

ನಿಧಾನ ಕಲಿಕೆಯ ತರಗತಿಗೆ ಹೋಗುವವರಲ್ಲಿ ನಮ್ಮ ಶಾಲೆಯಿಂದ ಅವಳೊಬ್ಬಳೇ.

ಆ ಸಂಜೆ ತಾಯಿ ಬಂದಾಗ ನಾನೇ ಮಗುವಿನ ಕೈ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದೆ. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಕಚೇರಿಗೆ ಹೋಗ್ತೀನಿ" ಎಂದೆ. "ಮರುಪರೀಕ್ಷೆ ಕೇಳ್ತೀನಿ. ಸಹಾಯವಾಣಿಗೂ ಫೋನ್ ಮಾಡ್ತೀನಿ. ನೀವು ಒಂದು ಮಾತು ಹೇಳಿದ್ರೆ ಸಾಕು, ನಮ್ಮ ದೊಡ್ಡ ಟೀಚರೂ ಬರ್ತಾರೆ. ನಿಮ್ಮ ತವರಿನಲ್ಲಿ ಯಾರಾದ್ರೂ..."

"ನಮ್ಮಣ್ಣನಿಗೆ ಇವರಂದ್ರೆ ಪ್ರಾಣ. ಅವನ ಮನೆ ಕಪಾಟೂ ಇವರೇ ಮಾಡಿದ್ದು." ಅವಳು ನಗಲು ನೋಡಿದಳು. "ಬಿಡಿ ಟೀಚರ್."

ನನ್ನ ಅಂಗೈಯೊಳಗೆ ಪುಟ್ಟ ಕೈ ಮುಷ್ಟಿಯಾಯಿತು. ಮಗು ಸುತ್ತ ನೋಡಿತು. ಅಲ್ಲಿ ಕೆಳಗೆ ತೂರಲು ಏನೂ ಇರಲಿಲ್ಲ. ಗೇಟು, ಗೋಡೆ, ಬೀದಿ.

"ಹಾಗಲ್ಲ, ನೀವು ಯೋಚನೆ ಮಾಡಿ..."

"ಟೀಚರ್, ಲೇಟಾದ್ರೆ ಕಷ್ಟ." ಅವಳು ನನ್ನ ಕೈಯನ್ನು ನೋಡುತ್ತಿದ್ದಳು. "ಅವಳ ಕೈ ಬಿಡಿ."

ನಾನು ಬಿಟ್ಟೆ.

ಕಚೇರಿಗೆ ಹೋದೆ. ಮರುಪರೀಕ್ಷೆ ಮುಂದಿನ ವರ್ಷ ಎಂದರು. ಫೋನ್ ಮಾಡಿದೆ. ಇಬ್ಬರು ಹೋಗಿದ್ದರಂತೆ. ಬಡಗಿ ಅವರಿಗೆ ತಾನು ಮಾಡಿದ ಕುರ್ಚಿ ಹಾಕಿ ಕೂರಿಸಿದನಂತೆ. ಹೆಂಡತಿ ಟೀ ಕೊಟ್ಟಳಂತೆ, ಎಲ್ಲ ಚೆನ್ನಾಗಿದೆ ಅಂದಳಂತೆ. ಈಗಲೂ ಅವನು ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡಿಸುತ್ತಾನೆ. "ಮಣಿ ಸಲೀಸಾಗಿ ಓಡ್ತಿವೆಯಾ ಟೀಚರ್?" ಎನ್ನುತ್ತಾನೆ. ಓಡ್ತಿವೆ ಎನ್ನುತ್ತೇನೆ. ಫೋನ್ ಮಾಡಿದವರು ಯಾರೆಂದು ಅವನಿಗೆ ಗೊತ್ತಿದೆಯೋ ಇಲ್ಲವೋ, ಆ ನಗುವಿನಲ್ಲಿ ನನಗೆ ತಿಳಿಯುವುದಿಲ್ಲ.

ಮಕ್ಕಳಿಗೆ ಪುಸ್ತಕದ ಪದವನ್ನೇ ರೂಢಿ ಮಾಡಿಸಬೇಕೆಂದು ಮೇಲಿನಿಂದ ಹೇಳಿ ಕಳಿಸಿದ್ದಾರೆ. ಚೌಕಟ್ಟಿನ ಮೇಲಿನ ಕಾಗದ ಕಿತ್ತೆ. ಕೆಳಗಿನ ಕೆತ್ತನೆ ಹೊಸದರಂತೆಯೇ ಇತ್ತು. ಊಟದ ಗಂಟೆ ಹೊಡೆದರೆ ಆ ಇನ್ನೊಂದು ಬೀದಿಯ ಕಟ್ಟಡದಿಂದ ಮಕ್ಕಳು ಮನೆಗೆ ಹೊರಡುವ ಹೊತ್ತು. ಆಗ ನಾನು ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಡುತ್ತೇನೆ.

ಊಟವಾದ ಮೇಲೆ ಲೆಕ್ಕದ ಪಾಠ. "ನಾನೂರ ಎಂಟು. ನೂರು ಎಷ್ಟು?" "ನಾಲ್ಕು!" "ಹತ್ತು ಎಷ್ಟು?" "ಬೀಗ!" ಎನ್ನುತ್ತಾರೆ ಈಗಲೂ. "ಬಿಡಿ ಎಷ್ಟು?" ಎನ್ನುತ್ತೇನೆ, ಮತ್ತು ನನಗೇ ಅರಿವಿಲ್ಲದೆ ಬಗ್ಗಿ ಬೆಂಚುಗಳ ಕೆಳಗೆ ನೋಡುತ್ತೇನೆ.

"ಏನಾದ್ರೂ ಬಿತ್ತಾ ಟೀಚರ್?" ಎಂದ ಗುಂಡ ನಿನ್ನೆ.

"ಒಂದು ಕಡ್ಡಿ" ಎಂದೆ.

ಅವನು ಕೂಡಲೇ ಇಳಿದು, ಏದುಸಿರು ಬಿಡುತ್ತಾ, ಒಂದು ಬೆಂಚಿನ ಕೆಳಗಿಂದ ಇನ್ನೊಂದರ ಕೆಳಗೆ ತೆವಳಿಕೊಂಡು ಹೋದ. ಎಲ್ಲ ಬೆಂಚು ಮುಗಿದ ಮೇಲೆ ಆ ತುದಿಯಲ್ಲಿ ಅವನ ತಲೆ ಮೇಲೆ ಬಂತು. ಕೂದಲಿಗೆಲ್ಲ ಸೀಮೆಸುಣ್ಣದ ಪುಡಿ.

"ಇಲ್ಲಿ ಏನೂ ಇಲ್ಲ ಟೀಚರ್."